ಒದ್ದೆ ಕಾಗದಕ್ಕೊಂದು ಸಹಿ

ಜಿಯೋಕ್ಯಾಶಿಂಗ್ ಎಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಕಾಗದಕ್ಕೆ ಸಹಿ ಹಾಕುವ ಆಟ. ಅದರ ಹುಚ್ಚು ಹತ್ತಿದವರನ್ನು ಮುಳ್ಳುಕಂಟಿ ತಡೆಯುವುದಿಲ್ಲ, ಇಂಬಳ ತಡೆಯುವುದಿಲ್ಲ, ಜೊತೆಗೆ ಬಂದವರ ಸಪ್ಪೆ ಮುಖವಂತೂ ಕಣ್ಣಿಗೇ ಬೀಳುವುದಿಲ್ಲ. ಅವರನ್ನು ನಿಜಕ್ಕೂ ಕೆರಳಿಸುವುದು ಬೇರೆ. ಅಷ್ಟೆಲ್ಲ ತಡಕಾಡಿ ಡಬ್ಬಿ ಸಿಕ್ಕಿ, ಸಹಿ ಹಾಕೋಣವೆಂದು ಮುಚ್ಚಳ ತೆಗೆದರೆ ಒಳಗಿನ ಕಾಗದ ನೆನೆದು ಮುದ್ದೆಯಾಗಿರುತ್ತದೆ. ಸಹಿ ಬೀಳದ ಹೊರತು ಡಬ್ಬಿ ಸಿಕ್ಕಿದ್ದು ಲೆಕ್ಕಕ್ಕಿಲ್ಲ.

ಈ ಗೀಳು ಯಾಕೆ ಹೀಗೆ ಅಂಟಿಕೊಳ್ಳುತ್ತದೆ ಎಂದು ಹೇಳುವುದೇ ಇಲ್ಲಿನ ಉದ್ದೇಶ. ಅದಕ್ಕೆ ಮೊದಲು ಮುಚ್ಚಳದ ವಿಷಯ ಮುಗಿಸಿಬಿಡೋಣ, ಎರಡೇ ಮಾತು.

ಎಲ್ಲರೂ ಮಳೆಯನ್ನು ಬೈಯುತ್ತಾರೆ. ಮಳೆಯದು ಅರ್ಧವೇ ತಪ್ಪು. ಹಗಲ ಬಿಸಿಲಿಗೆ ಡಬ್ಬಿಯೊಳಗಿನ ಗಾಳಿ ಹಿಗ್ಗಿ, ಮುಚ್ಚಳದ ಸಂದಿಯಿಂದ ಒಂದಿಷ್ಟು ಹೊರಬೀಳುತ್ತದೆ. ರಾತ್ರಿ ತಂಪಾದಾಗ ಉಳಿದದ್ದು ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ; ಅಂಚಿನಲ್ಲಿ ಇಬ್ಬನಿ ನಿಂತಿದ್ದರೆ ಅದನ್ನೂ. ಡಬ್ಬಿಗೆ ದಿನಾ ಇದೇ ಉಸಿರಾಟ. 35 ಮಿ.ಮೀ. ಫಿಲಂ ಡಬ್ಬಿಯಂತೂ ಈ ಕೆಲಸದಲ್ಲಿ ಎತ್ತಿದ ಕೈ. ಕ್ಯಾಮೆರಾ ಚೀಲದೊಳಗೆ ಇರಲೆಂದು ಮಾಡಿದ್ದನ್ನು ಮರದ ಪೊಟರೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಇನ್ನೇನಾದೀತು? ಇಡಲೇಬೇಕೆಂದಿದ್ದರೆ ಮುಚ್ಚಳ ಕೆಳಮುಖವಾಗಿ ತೂಗುಹಾಕಿ, ನೀರು ನಿಲ್ಲದು.

ಸುತ್ತ ಸಿಲಿಕೋನ್ ಪಟ್ಟಿ, ನಾಲ್ಕು ಕಡೆ ಕ್ಲಿಪ್ ಇರುವ ಡಬ್ಬಿ ಎಷ್ಟೋ ಮೇಲು. ಆದರೆ ಅದನ್ನೂ ಕೆಡಿಸುವ ಜನ ಇದ್ದಾರೆ. ಕಾಗದವಿರುವ ಜಿಪ್ ಚೀಲವನ್ನು ಒಳಗೆ ತುರುಕಿ, ಅದರ ಮೂಲೆ ಪಟ್ಟಿಗೆ ಸಿಕ್ಕಿಕೊಂಡಿದ್ದರೂ ಕ್ಲಿಪ್ ಒತ್ತಿ ಎದ್ದು ಹೋಗುತ್ತಾರೆ. ಆ ಮಡಿಕೆಗುಂಟ ನೀರು ನಿರಾಯಾಸವಾಗಿ ಒಳಗಿಳಿಯುತ್ತದೆ. ಬೆರಳನ್ನು ಅಂಚಿನ ಸುತ್ತ ಒಮ್ಮೆ ಆಡಿಸಲು ಐದು ಸೆಕೆಂಡು ಸಾಕು. ಅಷ್ಟೂ ಪುರುಸೊತ್ತಿಲ್ಲದವರು ಕಾಡಿಗೆ ಯಾಕೆ ಬರಬೇಕು? ತಿರುಪಿನ ಡಬ್ಬಿಯಾದರೆ ಶತ್ರು ಮರಳು: ತಿರುಪಿನಲ್ಲಿ ಎರಡು ಹರಳು ಕೂತರೆ ರಬ್ಬರ್ ಉಂಗುರ ಒತ್ತಿ ಕೂರುವುದಿಲ್ಲ. ಇನ್ನು ಸಿಲಿಕಾ ಜೆಲ್ ಪೊಟ್ಟಣ. ಸೋರುವ ಡಬ್ಬಿಯಲ್ಲಿ ಅದು ಬೇಗನೆ ತೇವ ಕುಡಿದು ತುಂಬಿಕೊಳ್ಳುತ್ತದೆ, ಆಮೇಲೆ ಜಾಗಕ್ಕೆ ದಂಡ.

ಈ ಆಟ ಹುಟ್ಟಿದ್ದೂ ಒಂದು ಡಬ್ಬಿಯಿಂದಲೇ ಅನ್ನಬಹುದು. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್‌ನಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು; ಜಾಗದ ಗುರುತು ಸಾಮಾನ್ಯರಿಗೂ ಹೆಚ್ಚು ನಿಖರವಾಗಿ ಸಿಗತೊಡಗಿತು. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ ಬಚ್ಚಿಟ್ಟ. ಪುಸ್ತಕ, ಸಾಫ್ಟ್‌ವೇರ್, ಕವಣೆ ಮುಂತಾದವುಗಳ ಜೊತೆ ಒಂದು ಡಬ್ಬಿ ಕಾಳೂ ಇತ್ತು. ಬಕೆಟ್ ಹೋಯಿತು, ಕಾಳಿನ ಡಬ್ಬಿ ಉಳಿಯಿತು. ಇಂದಿಗೂ ಅದನ್ನು ನೋಡಿ ಪುಳಕಗೊಳ್ಳುವವರಿದ್ದಾರೆ. ಪ್ರಾಣಿಗಳು ಮೂಸಿ ಬರುತ್ತವೆಂದು ಈಗ ತಿನಿಸು ಇಡುವುದು ನಿಷಿದ್ಧ. ಆದರೂ ಒಂದು ಮಾತು: ಈ ಆಟದ ಚರಿತ್ರೆಯಲ್ಲಿ ಮುಚ್ಚಳ ಸರಿಯಾಗಿ ಕೂತಿದ್ದ ಡಬ್ಬಿ ಬಹುಶಃ ಅದೊಂದೇ.

ಗೀಳಿನ ವಿಷಯಕ್ಕೆ ಬರೋಣ. ಸ್ಥಾನಸೂಚಿಯನ್ನು, ಅಂದರೆ ಡಬ್ಬಿ ಇರುವ ಜಾಗದ ಅಕ್ಷಾಂಶ-ರೇಖಾಂಶವನ್ನು, ಮಿನಿಟಿನ (ಡಿಗ್ರಿಯ ಅರವತ್ತನೇ ಒಂದು ಭಾಗದ) ಮೂರು ದಶಾಂಶದವರೆಗೆ ಬರೆಯುವುದು ರೂಢಿ. ಉತ್ತರ-ದಕ್ಷಿಣಕ್ಕೆ ಕೊನೆಯ ಅಂಕಿಯೊಂದು ಬದಲಾದರೆ 1.85 ಮೀಟರ್ ವ್ಯತ್ಯಾಸ. ಇದನ್ನು ನೋಡಿ ಹೊಸಬರು ಫೋನಿನ ಬಾಣದ ಗುರುತು ನಿಂತಲ್ಲೇ ನೆಲ ಕೆದಕಲು ಕೂರುತ್ತಾರೆ. ಬಯಲಲ್ಲಿ ಫೋನು ನಾಲ್ಕೈದು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ದಟ್ಟ ಮರದ ಕೆಳಗೆ, ಬಂಡೆಯ ಪಕ್ಕದಲ್ಲಿ ಸಂಕೇತ ಬಡಿದು ಹಿಂದಿರುಗಿ ಇನ್ನೂ ಹೆಚ್ಚು. ಬಚ್ಚಿಟ್ಟವರ ಯಂತ್ರವೂ ಅಷ್ಟೇ ಸುಳ್ಳು ಹೇಳಿರುತ್ತದೆ. ಹತ್ತು ಮೀಟರಿನೊಳಗೆ ಬಂದ ಮೇಲೆ ಫೋನನ್ನು ಜೇಬಿಗಿಟ್ಟು, ತಾವಾದರೆ ಎಲ್ಲಿ ಅಡಗಿಸುತ್ತಿದ್ದೆವು ಎಂದು ಯೋಚಿಸುವವರಿಗೇ ಡಬ್ಬಿ ಸಿಗುವುದು. ನೆಲ ಅಗೆಯುವುದು ಹೇಗೂ ನಿಷಿದ್ಧ. ಕಲ್ಲುಗಳು ಅನುಮಾನಾಸ್ಪದ ಅಚ್ಚುಕಟ್ಟಿನಲ್ಲಿ ಕೂತಿದ್ದರೆ ಮೊದಲು ಅಲ್ಲಿ ನೋಡಿ. ಪ್ರಕೃತಿಗೆ ಜೋಡಿಸಿಡುವ ಅಭ್ಯಾಸವಿಲ್ಲ.

ಹುಡುಕಿ ಸಿಗದಿದ್ದರೆ ಆಟದ ಜಾಲತಾಣದಲ್ಲಿ ಸಿಗಲಿಲ್ಲವೆಂದು ದಾಖಲಿಸುವುದು ಮರ್ಯಾದೆ. ಸಾಲಾಗಿ ಹಾಗೆ ಬಂದರೆ ಇಟ್ಟವರು ಹೋಗಿ ನೋಡುತ್ತಾರೆ. ಅದರ ಬದಲು ಜೇಬಿನಿಂದ ಹೊಸ ಫಿಲಂ ಡಬ್ಬಿ ತೆಗೆದು ಅಲ್ಲೇ ಎಸೆದು, ಅದಕ್ಕೇ ಸಹಿ ಹಾಕಿ, ‘ಸಿಕ್ಕಿತು’ ಎಂದು ಬರೆದುಕೊಳ್ಳುವ ಮಹನೀಯರಿದ್ದಾರೆ. ಹಳೆಯದು ಎರಡು ಮಾರು ದೂರದಲ್ಲಿ ಭದ್ರವಾಗಿರುತ್ತದೆ. ಮುಂದೆ ಬಂದವರಿಗೆ ಯಾವುದು ಅಸಲಿ ಎಂಬ ಫಜೀತಿ.

ಗೀಳಿಗೆ ಕಾರಣ ಹೇಳಬೇಕಿತ್ತು, ನಿಜ. ಆದರೆ ಪೆನ್ನಿನ ವಿಷಯ ಬಿಟ್ಟೇಹೋಯಿತು. ತೇವದ ಕಾಗದದ ಮೇಲೆ ಬಾಲ್ ಪೆನ್ ಜಾರುತ್ತದೆ, ಜೆಲ್ ಪೆನ್ ಹರಡುತ್ತದೆ. ಪೆನ್ಸಿಲ್ಲೇ ಸರಿ. ಹಾಗೆಂದು ಕೆತ್ತಿದ ಪೆನ್ಸಿಲನ್ನು ಕಾಗದದ ಜೊತೆ ಜಿಪ್ ಚೀಲದಲ್ಲಿ ಹಾಕಿ ಹೋಗಬೇಡಿ. ಮೊನೆ ಚುಚ್ಚಿ ತೂತಾಗುತ್ತದೆ. ದಯವಿಟ್ಟು ನಿಮ್ಮ ಪೆನ್ಸಿಲನ್ನು ನೀವೇ ತನ್ನಿ, ನೀವೇ ಒಯ್ಯಿರಿ.