ಹಂಡೆ ದಾಟದ ವೈಫೈ

ಕೊಟ್ಟಿಗೆಗೆ ವೈಫೈ ಬೇಕು ಎಂದವಳು ಅಮ್ಮ. ಸಂಜೆ ಆರೂವರೆಗೆ ಅವಳ ಸೀರಿಯಲ್ಲು. ಗೌರಿಯ ಹಾಲು ಕರೆಯುವುದೂ ಅದೇ ಹೊತ್ತಿಗೆ. "ಮೊಬೈಲಲ್ಲಿ ಆಮೇಲೂ ನೋಡಬಹುದಲ್ವಾ?" ಎಂದೆ. "ನೋಡೋಕೆ ಪಕ್ಕದ ಮನೆ ಅತ್ತಿಗೆ ಬಿಡಬೇಕಲ್ಲ! ಏಳು ಗಂಟೆಗೆ ಬೇಲಿ ಹತ್ರ ಬಂದು ಪೂರ್ತಿ ಕತೆ ಹೇಳಿ ಹೋಗ್ತಾಳೆ" ಎಂದಳು.

ನಮ್ಮದು ಸಾಗರದ ಕಡೆಯ ಹಳೇ ಮನೆ. ರೂಟರ್ ಇರುವುದು ಜಗಲಿಯಲ್ಲಿ, ಪಂಚಾಂಗ ನೇತುಹಾಕಿದ ಮೊಳೆಯ ಪಕ್ಕ. ಫೈಬರ್ ಎಳೆದ ಹುಡುಗರು ಕಂಬಕ್ಕೆ ಹತ್ತಿರ ಅಂತ ಅಲ್ಲೇ ಕೂರಿಸಿ ಹೋದರು. ಕೊಟ್ಟಿಗೆ ಇರುವುದು ಮನೆಯ ಹಿಂದೆ, ನಲವತ್ತು ಮೀಟರ್ ಆಚೆ. ನಡುವೆ ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಗಳು. ಅವುಗಳ ದಪ್ಪ ಎಷ್ಟೆಂದರೆ ಕಿಟಕಿಯ ದಂಡೆ ಮೇಲೆ ಬೆಕ್ಕು ಅಡ್ಡಡ್ಡ ಕಾಲು ಚಾಚಿ ಮಲಗುತ್ತದೆ. ನಮ್ಮ ರೂಟರ್ ವೈಫೈ ಕಳಿಸುವುದು ಎರಡು ಬಗೆಯ ಅಲೆಗಳಲ್ಲಿ. 5 ಗಿಗಾಹರ್ಟ್ಸ್ ಸಿಗ್ನಲ್ಲು ಮೊದಲ ಗೋಡೆಗೇ ಕೈಚೆಲ್ಲುತ್ತದೆ. 2.4 ಗಿಗಾಹರ್ಟ್ಸಿನದು ಹೇಗೋ ಏದುಸಿರು ಬಿಡುತ್ತಾ ಅಡುಗೆಮನೆ ದಾಟುತ್ತದೆ. ಮುಂದೆ ಬಚ್ಚಲುಮನೆ. ಅಲ್ಲಿ ಹಂಡೆ.

ತಾಮ್ರದ್ದು, ಅಜ್ಜಿಯ ಕಾಲದ್ದು, ಯಾವಾಗಲೂ ಕಂಠಮಟ್ಟ ನೀರು. ವೈಫೈಗೆ ಲೋಹ ಕಂಡರೂ ಆಗದು, ನೀರು ಕಂಡರೂ ಆಗದು. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದೂ ಹೆಚ್ಚುಕಡಿಮೆ ಇದೇ 2.4ರ ಆಸುಪಾಸಿನ ಅಲೆಯಲ್ಲಂತೆ. ಹಾಗಂತ ನಮ್ಮ ಹಂಡೆ ನೀರು ರೂಟರಿನಿಂದ ಕಾದದ್ದಿಲ್ಲ. ಅದಕ್ಕೆ ಅಡಿಕೆ ಸಿಪ್ಪೆಯೇ ಆಗಬೇಕು.

ಪೇಟೆ ಅಂಗಡಿಯವನು ಒಂದು ಎಕ್ಸ್‌ಟೆಂಡರ್ ಕೊಟ್ಟ, ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ. "ಎಲ್ಲಿ ಸಿಗ್ನಲ್ ಇಲ್ವೋ ಅಲ್ಲಿ ಚುಚ್ಚಿ ಸರ್" ಎಂದ. ಕೊಟ್ಟಿಗೆಯಲ್ಲಿ ಚುಚ್ಚಿದೆವು. ಕೆಂಪು ದೀಪ ಹಚ್ಚಿಕೊಂಡು ಸುಮ್ನೆ ಕೂತಿತು. ಪಾಪ, ಅದಕ್ಕೇ ಸಿಗದ್ದನ್ನು ಅದು ಹಂಚುವುದೆಲ್ಲಿಂದ? ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ ಅದನ್ನು ಇಡಬೇಕು. ನಮ್ಮಲ್ಲಿ ಅಂಥ ಜಾಗ ಅಡುಗೆಮನೆಯ ಹಿಂಬಾಗಿಲು, ಮಿಕ್ಸಿಯ ಪ್ಲಗ್ಗಿನ ಪಕ್ಕ. ಅಲ್ಲಿಟ್ಟ ಮೇಲೆ ಕೊಟ್ಟಿಗೆಯ ಬಾಗಿಲವರೆಗೆ ವೈಫೈ ಬಂತು. ಆದರೆ ವೇಗ ಅರ್ಧಕ್ಕಿಳಿಯಿತು. ಒಂದೇ ರೇಡಿಯೋದಲ್ಲಿ ಆ ಕಡೆಯಿಂದ ಕೇಳಿಸಿಕೊಂಡು ಈ ಕಡೆಗೆ ಹೇಳಬೇಕಲ್ಲ, ಅದರ ಸುಂಕ ಇದು.

ಅದನ್ನಾದರೂ ಸಹಿಸಬಹುದಿತ್ತು. ಅಪ್ಪನಿಗೆ ಉರಿಯುವ ಸ್ವಿಚ್ ಕಂಡರೆ ಆರಿಸುವ ಚಟ. ಕಾಫಿ ಕುಡಿದು ಲೋಟ ಇಡಲು ಬಂದವರು ಠಪ್ ಅಂತ ಆರಿಸಿ ಹೋಗುವರು. ಆ ಕಡೆ ಸೀರಿಯಲ್ಲಿನ ಸೊಸೆ ಬಾಯಿ ತೆರೆದವಳು ತೆರೆದಂತೆಯೇ ನಿಲ್ಲುವಳು. ಕೊಟ್ಟಿಗೆಯಿಂದ ಅಮ್ಮನ ಕೂಗು. ಗೌರಿ ಬೆಚ್ಚಿ ಒದೆಯುವಳು. ಅರ್ಧ ಚೊಂಬು ಹಾಲು ನೆಲದ ಪಾಲು.

ಹಾಗಾದರೆ ಕೇಬಲ್ಲೇ ಎಳೆಯೋಣ ಅಂದುಕೊಂಡೆವು. ಕ್ಯಾಟ್ ಸಿಕ್ಸ್ ಅನ್ನುವ ತಾಮ್ರದ ಇಂಟರ್ನೆಟ್ ಕೇಬಲ್ 100 ಮೀಟರ್‌ವರೆಗೆ ತಕರಾರಿಲ್ಲದೆ ಓಡುತ್ತದೆ. ಕೊಟ್ಟಿಗೆಯ ತಲೆ ಮೇಲೆ ಜಿಂಕ್ ಶೀಟು ಬೇರೆ, ಹೊರಗಿನ ಸಿಗ್ನಲ್ಲು ಒಳಗೆ ಇಣುಕುವುದೂ ಕಷ್ಟ. ಆದರೆ ಮಲೆನಾಡಿನ ಏಪ್ರಿಲ್ ಸಂಜೆ ಗೊತ್ತಲ್ಲ. ಗುಡುಗು ಶುರುವಾದರೆ ನಮ್ಮೂರಲ್ಲಿ ಎಲ್ಲರೂ ಮೊದಲು ಓಡುವುದು ಪ್ಲಗ್ ಕೀಳಲು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಸಾಕು, ತಾಮ್ರದ ತಂತಿ ಆ ಕರೆಂಟನ್ನು ಮರ್ಯಾದೆಯಿಂದ ಮನೆಯೊಳಗೆ ಕರೆದುಕೊಂಡು ಬರುತ್ತದೆ. ಆಚೆ ತುದಿಯಲ್ಲಿ ಒದ್ದೆ ನೆಲ, ಹಸು, ಅಮ್ಮ. ಬೇಡವೇ ಬೇಡ ಅನ್ನಿಸಿತು.

ಕೊನೆಗೆ ಹೊಳೆದದ್ದು ಫೈಬರ್. ಒಳಗಿರುವುದು ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಲೋಹದ ತಂತಿ ಇಲ್ಲದ ತುಂಡನ್ನೇ ಆರಿಸಿ, ಎರಡೂ ತುದಿಗೆ ಫೈಬರಿನ ಬೆಳಕನ್ನೂ ಕೇಬಲ್ಲಿನ ಸಿಗ್ನಲ್ಲನ್ನೂ ಅದಲುಬದಲು ಮಾಡುವ ಒಂದೊಂದು ಮೀಡಿಯಾ ಕನ್ವರ್ಟರ್ ಡಬ್ಬಿ ಕೂರಿಸಿ, ಕೊಟ್ಟಿಗೆಯಲ್ಲಿ ಅಪ್ಪನ ಕೈಗೆಟುಕದಷ್ಟು ಎತ್ತರದಲ್ಲಿ ಹಳೇ ರೂಟರ್ ನೇತುಹಾಕಿದೆವು. ಮೊದಲ ಎಳೆಯನ್ನು ಗೌರಿಯ ಕರು ಕಬ್ಬು ಜಗಿದ ಹಾಗೆ ಜಗಿದು ಹಾಕಿತು. ಎರಡನೆಯದನ್ನು ತೋಟಕ್ಕೆ ತಂದು ಮಿಕ್ಕಿದ್ದ ಕಪ್ಪು ಪೈಪಿನೊಳಗೆ ತೂರಿಸಿ ಮಣ್ಣಿನಡಿ ಹೂತೆವು. ಹಂಡೆಯ ಕಾಲಬುಡದಲ್ಲೇ ಹೋಗಿದೆ.

ಈಗ ಕೊಟ್ಟಿಗೆಯಲ್ಲಿ ಜಗಲಿಗಿಂತ ಚೆನ್ನಾಗಿ ವೈಫೈ ಬರುತ್ತದೆ. ಹುಲ್ಲಿನ ಕಂತೆಗೆ ಮೊಬೈಲ್ ಒರಗಿಸಿಟ್ಟು ಅಮ್ಮ ಹಾಲು ಕರೆಯುತ್ತಾಳೆ. ಅಪ್ಪನೂ ಒಂದು ಸ್ಟೂಲ್ ಹಿಡಿದು ಹೋಗುತ್ತಾರೆ, ಸೊಳ್ಳೆ ಓಡಿಸಲಂತೆ. ತೊಂದರೆ ಒಂದೇ. ಸೀರಿಯಲ್ಲಿನ ಟೈಟಲ್ ಹಾಡು ಕೇಳದಿದ್ದರೆ ಗೌರಿ ಈಗ ಹಾಲಿಳಿಸುವುದಿಲ್ಲ. ಭಾನುವಾರ ಸೀರಿಯಲ್ಲಿಗೆ ರಜೆ. ಮೊನ್ನೆ ಖಾಲಿ ಚೊಂಬು ಹಿಡಿದು ಬಂದ ಅಮ್ಮ, "ಆ ಹಾಡೊಂದನ್ನ ಡೌನ್‌ಲೋಡ್ ಮಾಡಿ ಕೊಡೋ ಮಾರಾಯ" ಎಂದಳು. ಮಾಡಿಕೊಟ್ಟಿದ್ದೇನೆ. ಅದು ನಡೆಯಲು ವೈಫೈ ಬೇಕಿಲ್ಲ.