ತಲೆಗೆ ಪೆಟ್ಟು ತಿಂದ ಯೋಧನ ಕಡತ ನಿವೃತ್ತಿಯ ದಿನವೇ ಮುಚ್ಚಬಾರದು

ಬೆಳಗಾವಿ, ವಿಜಯಪುರದ ಕಡೆಯಿಂದ ಸೇನೆ ಸೇರಿ, ಕಡೆಯ ಪೋಸ್ಟಿಂಗ್ ಪುಣೆಯಲ್ಲಿ ಸಿಕ್ಕು, ಖಡಕಿ, ದೇಹೂರೋಡ್, ವಾನವಡಿಯ ಸುತ್ತ ನೆಲೆನಿಂತ ಕನ್ನಡದ ಫೌಜಿ ಮನೆಗಳು ಇಲ್ಲಿ ಕಡಿಮೆಯೇನಿಲ್ಲ. ಅವರ ಒಡನಾಟದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಸೇವೆಯಲ್ಲಿ ತಲೆಗೆ ಬಲವಾದ ಪೆಟ್ಟು ಬಿದ್ದವರಿಗೆ ಮುಂದೆ ಮೂರ್ಛೆರೋಗ, ಅಂದರೆ ಅಪಸ್ಮಾರ, ಬರಬಹುದೆಂಬುದನ್ನು, ಅವರನ್ನು ಮನೆಗೆ ಕಳಿಸುವ ದಿನವೇ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಬೇಕು, ಬರೆದುಕೊಡಬೇಕು, ಆಮೇಲೂ ವರ್ಷಕ್ಕೊಮ್ಮೆ ಕರೆದು ವಿಚಾರಿಸಬೇಕು.

ಈ ಊರಿಗೆ ಗಾಯಾಳು ಸೈನಿಕರ ಆರೈಕೆ ಹೊಸದಲ್ಲ. ಅಂಗವಿಕಲ ಯೋಧರಿಗೆ ಕಸುಬು ಕಲಿಸಲು 1917ರಲ್ಲಿ ಹುಟ್ಟಿದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಖಡಕಿಯಲ್ಲಿದೆ. ಕೃತಕ ಕೈಕಾಲು ಕೇಂದ್ರ 1944ರದ್ದು. ಬೆನ್ನುಹುರಿ ಮುರಿದವರಿಗಾಗಿ 1974ರಲ್ಲಿ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರವೂ ಬಂತು. ಇವೆಲ್ಲ ಕಣ್ಣಿಗೆ ಕಾಣುವ ಗಾಯಗಳು. ನೆಲಬಾಂಬಿನ ಸ್ಫೋಟದಲ್ಲೋ, ಘಟ್ಟದ ರಸ್ತೆಯಲ್ಲಿ ಟ್ರಕ್ಕು ಉರುಳಿಯೋ ಮಿದುಳಿಗೆ ಆದ ಗಾಯ ಹೊಲಿಗೆ ಒಣಗಿದೊಡನೆ ಎಲ್ಲರಿಗೂ ಮರೆತೇ ಹೋಗುತ್ತದೆ.

ಮಿದುಳು ಮಾತ್ರ ಮರೆಯುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಗುಂಡು, ಲೋಹದ ಚೂರು ತಲೆಬುರುಡೆ ಸೀಳಿ ಒಳಹೊಕ್ಕ ಅಮೆರಿಕದ ಸೈನಿಕರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ ಸುಮಾರು ಶೇ 53ರಷ್ಟು ಮಂದಿಗೆ ಅಪಸ್ಮಾರ ಬಂದಿತ್ತು. ಕೆಲವರಿಗೆ ಮೊದಲ ಫಿಟ್ಸ್ ಕಾಣಿಸಿದ್ದೇ 14 ವರ್ಷ ದಾಟಿದ ಮೇಲೆ. ಲಘು ಪೆಟ್ಟಿನವರು ಇಷ್ಟು ಹೆದರಬೇಕಾಗಿಲ್ಲ, ಅವರಲ್ಲಿ ಅಪಾಯ ಬಹಳ ಕಡಿಮೆ. ಆದರೆ ಪೆಟ್ಟಾದ ಮೊದಲ ವಾರ ಕೊಡುವ ಮಾತ್ರೆ ಆ ದಿನಗಳ ಫಿಟ್ಸನ್ನು ತಡೆಯುತ್ತದೆಯೇ ಹೊರತು ವರ್ಷಗಳ ನಂತರದ ರೋಗವನ್ನಲ್ಲ. ಹಾಗಾಗಿ ಕಣ್ಣಿಟ್ಟು ಕಾಯುವುದೇ ಉಳಿದ ದಾರಿ.

ಕಾಯುವವರಿಗೆ ಏನನ್ನು ನೋಡಬೇಕೆಂದಾದರೂ ಗೊತ್ತಿರಬೇಕಲ್ಲ. ನನಗೆ ಪರಿಚಯದ ನಿವೃತ್ತ ಹವಾಲ್ದಾರರೊಬ್ಬರು ಊಟದ ನಡುವೆ ಮಾತು ನಿಲ್ಲಿಸಿ, ಗೋಡೆಯನ್ನೇ ದಿಟ್ಟಿಸುತ್ತ, ತುಟಿ ಚಪ್ಪರಿಸುತ್ತ, ಬಲಗೈಯಿಂದ ಅಂಗಿಯ ಗುಂಡಿಯನ್ನು ತಿರುವುತ್ತಿದ್ದರು. ಅರೆನಿಮಿಷದಲ್ಲಿ ಮತ್ತೆ ರೊಟ್ಟಿ ಮುರಿಯುತ್ತಿದ್ದರು, ನಡುವೆ ಏನಾಯಿತೆಂಬ ಅರಿವೇ ಅವರಿಗೆ ಇರುತ್ತಿರಲಿಲ್ಲ. ಇದೂ ಫಿಟ್ಸಿನದೇ ಒಂದು ರೂಪ, ಆದರೆ ಮನೆಯವರು ಇದನ್ನು ಹಳೆಯ ಫೌಜಿಯ ಗುಂಗು ಎಂದುಕೊಂಡಿದ್ದರು. ಒಂದು ರಾತ್ರಿ ಮೈಯೆಲ್ಲ ಸೆಟೆದು ಬಿದ್ದಾಗ ನೆರೆಹೊರೆಯವರು ಕೈಗೆ ಕೀಲಿಕೈ ಗೊಂಚಲು ಕೊಟ್ಟು ಈರುಳ್ಳಿ ಮೂಸಿಸಿದರು. ಬಾಯಿಗೆ ಏನನ್ನೂ ತುರುಕದೆ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕೆಂದು ಅಲ್ಲಿದ್ದ ಒಬ್ಬರಿಗೂ ತಿಳಿದಿರಲಿಲ್ಲ. ಮೊಬೈಲಿನಲ್ಲಿ ಚಿತ್ರೀಕರಿಸಿದ್ದರೆ ವೈದ್ಯರಿಗೂ ಅನುಕೂಲವಾಗುತ್ತಿತ್ತು. ಏಕೆಂದರೆ ಯುದ್ಧದ ಮಾನಸಿಕ ಆಘಾತದಿಂದಲೂ ಫಿಟ್ಸಿನಂತೆಯೇ ಕಾಣುವ ಸೆಳವು ಬರುವುದುಂಟು, ಅದರ ಚಿಕಿತ್ಸೆಯೇ ಬೇರೆ.

ಇನ್ನು ನಿವೃತ್ತಿಯ ನಂತರದ ನೌಕರಿ. ಮಾಜಿ ಸೈನಿಕನೆಂದರೆ ಪುಣೆಯಲ್ಲಿ ಸಲೀಸಾಗಿ ಸಿಗುವುದು ಸೆಕ್ಯೂರಿಟಿ ಕೆಲಸ: ಹಿಂಜೆವಾಡಿಯ ಕಂಪನಿ ಗೇಟಿನಲ್ಲಿ ನೈಟ್ ಡ್ಯೂಟಿ, ಇಲ್ಲವೇ ಬಂದೂಕು ಹಿಡಿದು ಬ್ಯಾಂಕಿನ ಬಾಗಿಲು. ನಿದ್ದೆಗೇಡು ಫಿಟ್ಸನ್ನು ಕೆರಳಿಸುತ್ತದೆ, ತಪ್ಪಿದ ಮಾತ್ರೆ, ಮಿತಿಮೀರಿದ ಮದ್ಯ ಕೂಡ. (ಕ್ಯಾಂಟೀನಿನ ರಮ್ ಕೋಟಾದ ಬಗ್ಗೆ ಫೌಜಿಗಳ ಮುಂದೆ ಮಾತೆತ್ತುವುದು ಕಷ್ಟವೇ, ಆದರೂ ಎತ್ತಲೇಬೇಕು.) ರೋಗ ಹೇಳಿಕೊಂಡರೆ ಕೆಲಸ ಹೋಗುತ್ತದೆ, ಮಗಳ ಸಂಬಂಧ ಮುರಿಯುತ್ತದೆ ಎಂದು ಮುಚ್ಚಿಡುವವರನ್ನು ನಾನು ದೂರಲಾರೆ. ಹಗಲು ಪಾಳಿಯ, ಆಯುಧವಿಲ್ಲದ ಕೆಲಸ ಕೊಡಿಸುವ ಹೊಣೆಯನ್ನು ಮಾಜಿ ಸೈನಿಕರ ಸಂಘಗಳೂ ನಮ್ಮ ಕನ್ನಡ ಸಂಘಗಳೂ ಹೊತ್ತುಕೊಳ್ಳಬಹುದು.

ಕಡೆಯದಾಗಿ, ಕಾಗದಪತ್ರದ ಮಾತು. ಸಿಗ್ನಲ್ಸ್ ದಳದ ಸಿಪಾಯಿ ಧರಮ್‌ವೀರ್ ಸಿಂಗ್ 1985ರಲ್ಲಿ ಸೇನೆ ಸೇರಿ, 1994ರಲ್ಲಿ ಅಪಸ್ಮಾರದ ಕಾರಣಕ್ಕೆ ಶೇ 20 ವೈಕಲ್ಯದೊಂದಿಗೆ ಹೊರಬಿದ್ದರು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಕೀಯ ಮಂಡಳಿ ಹೇಳಿದ್ದರಿಂದ ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. ಸೇರುವಾಗ ದಾಖಲಾಗದ ರೋಗ ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಭಾರ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಆದರೆ ಅಂಗವೈಕಲ್ಯ ಪಿಂಚಣಿಯ ನಿಯಮಗಳು 2023ರಲ್ಲಿ ಬದಲಾಗಿವೆ, ಹಾಗಾಗಿ ಆ ತೀರ್ಪೊಂದನ್ನೇ ನೆಚ್ಚಿ ಕೂರುವಂತಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಸೌಲಭ್ಯಕ್ಕೂ ಸಾಮಾನ್ಯವಾಗಿ ಪಿಂಚಣಿಯೇ ಆಧಾರವಾದ್ದರಿಂದ, ಪಿಂಚಣಿ ತಪ್ಪಿದವನಿಗೆ ಮಾತ್ರೆಯೂ ಸ್ವಂತ ಖರ್ಚಿನದೇ. ಆದ್ದರಿಂದ ಪೆಟ್ಟಾದ ದಿನದ ವರದಿ, ಸ್ಕ್ಯಾನ್, ಆಸ್ಪತ್ರೆಯ ಚೀಟಿಗಳ ನಕಲನ್ನು ಯೂನಿಟ್ ಬಿಡುವ ಮೊದಲೇ ಕೇಳಿ ಪಡೆದು, ಟ್ರಂಕಿನ ತಳಕ್ಕೆ ಸೇರಿಸದೆ, ಹೆಂಡತಿಯ ಕೈಗೆ ಸಿಗುವಲ್ಲಿ ಇಡಿ.