ಟಬ್ ತುಂಬ ನೀರು, ಸ್ನಾನ ನಾಳೆ

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಅಂತ ಗಾದೆ. ಇದನ್ನು ಕಟ್ಟಿದ ಪುಣ್ಯಾತ್ಮನ ಕೈಗೆ ಯಾರೂ ಸಂದಿಗೆ ಅಂಟು ಒತ್ತುವ ಸಿಲಿಕೋನ್ ಗನ್ ಕೊಟ್ಟಿರಲಿಕ್ಕಿಲ್ಲ.

ನಮ್ಮ ಬಾತ್‌ಟಬ್ಬಿಗೂ ಗೋಡೆಯ ಟೈಲ್ಸಿಗೂ ನಡುವಿದ್ದ ಸಿಲಿಕೋನ್ ಅಂಟಿನ ಬಿಳಿ ಪಟ್ಟಿ ಕಪ್ಪಾಗಿತ್ತು. ಬೂಷ್ಟು. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕಿ, ಆಮೇಲೆ ಇರುವೆ ಸಾಲು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದು ಸಿಲಿಕೋನಿನ ಒಳಗೇ ಮನೆ ಮಾಡಿಕೊಂಡಿತ್ತು.

"ಯಾರನ್ನಾದ್ರೂ ಕರೆಸೋಣ್ವಾ?" ಅಂದಳು ಹೆಂಡತಿ.

"ಒಂದು ಟ್ಯೂಬ್ ಒತ್ತೋಕೆ ಜನ ಬೇಕಾ? ದಿನಾ ಬೆಳಿಗ್ಗೆ ಪೇಸ್ಟ್ ಒತ್ತಲ್ವಾ ನಾನು?" ಅಂದೆ.

ಮೊದಲ ಸಲ ಹಳೇದರ ಮೇಲೇ ಹೊಸದನ್ನು ಬಳಿದೆ. ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ಅಂಟುವುದಿಲ್ಲವಂತೆ. ವಾರದಲ್ಲಿ ಹಾವು ಪೊರೆ ಬಿಟ್ಟ ಹಾಗೆ ಕಳಚಿ ಬಂತು. ಎರಡನೇ ಸಲ ಖಾಲಿ ಟಬ್ಬಿಗೆ ಹಚ್ಚಿದೆ. 150 ಲೀಟರ್ ನೀರು ತುಂಬಿದರೆ 150 ಕಿಲೋ ಭಾರ. ಅದರ ಮೇಲೆ ನಾನು. ಟಬ್ ಕೂದಲೆಳೆಯಷ್ಟು ಕೆಳಗಿಳಿಯಿತು, ಮೂಲೆಯಲ್ಲಿ ಸಂದು ಬಾಯಿ ಬಿಟ್ಟಿತು. ಹೆಂಡತಿ ಏನೂ ಹೇಳಲಿಲ್ಲ. ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದಳು ಅಷ್ಟೇ.

ಮೂರನೇ ಸಲ ಎಲ್ಲ ಕ್ರಮದಂತೆ. ಬ್ಲೇಡ್ ಹಿಡಿದು ಹಳೇದನ್ನು ಕೀಳೋಕೆ ಕೂತೆ. ತುದಿ ಸಿಕ್ಕಿತೋ, ಒಂದು ಮೊಳ ಪಟ್ಟಿ ಸರ್ರನೆ ಎದ್ದು ಬರುತ್ತದೆ. ಆ ಸುಖ ಹೇಳೋಕಾಗಲ್ಲ. ಮುಂದಿನ ಮೊಳ ಮಾತ್ರ ಸಾಸಿವೆಯಷ್ಟೇ ಚೂರು ಚೂರಾಗಿ ಬಂದು ಉಗುರಿನೊಳಗೆ ಸೇರಿಕೊಳ್ಳುತ್ತದೆ. ಎರಡು ಗಂಟೆಯಾದ ಮೇಲೆ ಮಂಡಿ ಮಾತಾಡತೊಡಗಿತು. ಸ್ಪಿರಿಟ್ ಹಾಕಿ ಒರೆಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಬೆಳಿಗ್ಗೆ ಟಬ್ಬಿಗೆ ಕಂಠಮಟ್ಟ ನೀರು ತುಂಬಿಸಿದೆ, ಏನು ಕುಸಿಯೋದಿದ್ದರೂ ಈಗಲೇ ಕುಸಿಯಲಿ ಅಂತ. ಸಂದಿನ ಮೇಲೊಂದು, ಕೆಳಗೊಂದು ಟೇಪ್ ಅಂಟಿಸಿದೆ.

ಟ್ಯೂಬಿನ ಮೂತಿಯನ್ನು ಓರೆಯಾಗಿ, ಸಣ್ಣದಾಗಿ ಕತ್ತರಿಸಬೇಕು. ಓರೆ ಸರಿಯಾಯಿತು, ಸಣ್ಣದಾಗಲಿಲ್ಲ. ಒತ್ತಿದರೆ ಕಿರುಬೆರಳು ದಪ್ಪಕ್ಕೆ ಬಂತು. ಗನ್ನಿನ ಇನ್ನೊಂದು ಗುಣ ಆಗಲೇ ತಿಳಿದದ್ದು: ನಾವು ಒತ್ತೋದು ನಿಲ್ಲಿಸಿದರೂ ಅದು ನಿಲ್ಲಿಸುವುದಿಲ್ಲ. ಗನ್ನಿನ ಹಿಂಬದಿಯ ಪಟ್ಟಿಯನ್ನು ಅದುಮಿ, ಟ್ಯೂಬನ್ನು ತಳ್ಳುವ ಕಂಬಿ ಸಡಿಲ ಮಾಡಬೇಕು. ನಾನು ಸುಮ್ನೆ ಕೆಳಗಿಟ್ಟೆ. ಹಿಂತಿರುಗಿ ನೋಡಿದಾಗ ಕಾಲೊರೆಸಿನ ಮೇಲೆ ಬಸವನಹುಳುವಿನಂತೆ ಸುರುಳಿ ಸುತ್ತಿಕೊಂಡು ಕೂತಿತ್ತು.

ಸೋಪಿನ ನೀರಲ್ಲಿ ಬೆರಳದ್ದಿ ಸವರುತ್ತಾ ಅರ್ಧ ದಾರಿ ಬಂದಿದ್ದೆ. ಫೋನ್ ಬಡಿಯಿತು. ಕೈ ತೊಳೆಯೋಣ ಅಂತ ನಲ್ಲಿ ಹಿಡಿದೆ. ನೀರಿಗೆ ಹೋಗುವ ಪದಾರ್ಥವಾದರೆ ಟಬ್ಬಿಗೆ ಯಾರು ಹಚ್ಚುತ್ತಾರೆ, ಅಲ್ವಾ? ನಲ್ಲಿಗೆ ಅಂಟಿತು, ಚಿಲಕಕ್ಕೆ ಅಂಟಿತು, ಜಾರಿದ ಕನ್ನಡಕವನ್ನು ಮೇಲೆ ತಳ್ಳಿದೆ, ಮೂಗಿಗೂ ಅಂಟಿತು. ಬೆರಳಿಟ್ಟರೆ ಫೋನ್ ತೆರೆಯಲಿಲ್ಲ. ಮೂರು ವರ್ಷದಿಂದ ಜೊತೆಗಿದ್ದ ಫೋನು ನನ್ನನ್ನು ಯಾರೋ ಅಂದುಕೊಂಡಿತು.

ಇಷ್ಟರಲ್ಲಿ ಹತ್ತು ನಿಮಿಷ ಕಳೆದು ಸಿಲಿಕೋನಿನ ಮೇಲೆ ಚರ್ಮ ಕಟ್ಟಿತ್ತು. ಟೇಪನ್ನು ಅದಕ್ಕೂ ಮುಂಚೆಯೇ ಕೀಳಬೇಕಿತ್ತು. ಈಗ ಎಳೆದರೆ ಅಂಚೂ ಜೊತೆಗೆ ಬಂತು. ಬೇಗ ಒಣಗಲಿ ಅಂತ ಹೇರ್ ಡ್ರೈಯರ್ ತಂದೆ. ಸಿಲಿಕೋನ್ ಒಣಗುವುದಲ್ಲ, ಗಾಳಿಯ ತೇವ ಹೀರಿ ಗಟ್ಟಿಯಾಗುವುದು ಎಂದು ಟ್ಯೂಬಿನ ಬೆನ್ನ ಮೇಲೆ ಬರೆದಿತ್ತು. ಓದುವಷ್ಟರಲ್ಲಿ ನನ್ನ ಹೆಬ್ಬೆಟ್ಟು ಆ ಅಕ್ಷರಗಳ ಮೇಲೂ ಬಿದ್ದಿತ್ತು.

ಮನೆಯೆಲ್ಲ ವಿನೆಗರ್ ವಾಸನೆ. ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ ಅಂತ ಮಗನಿಗೆ ವಿವರಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ಹಾಗಾದ್ರೆ ಇವತ್ತು ಸ್ನಾನ ಇಲ್ವಾ?" ಇಲ್ಲ. 24 ಗಂಟೆ ಟಬ್ ಮುಟ್ಟುವ ಹಾಗಿಲ್ಲ, ತುಂಬಿದ ನೀರನ್ನೂ ಹೊರಗೆ ಬಿಡುವ ಹಾಗಿಲ್ಲ. ಕಂಠಮಟ್ಟ ನೀರಿನ ಪಕ್ಕದಲ್ಲಿ ನಿಂತು ಮನೆಮಂದಿಯೆಲ್ಲ ಮುಖ ಮಾತ್ರ ತೊಳೆದುಕೊಂಡೆವು. ಮಗ ಕಾಗದದ ದೋಣಿ ಬಿಟ್ಟ. ಅವನ ಮಟ್ಟಿಗೆ ಇದು ನಾನು ಮಾಡಿದ ಅತ್ಯುತ್ತಮ ರಿಪೇರಿ.

ಮರುದಿನ ನೀರು ಹೊರಗೆ ಬಿಟ್ಟೆ. ಸಂದು ಬಾಯಿ ಬಿಡಲಿಲ್ಲ. ಪಟ್ಟಿ ಅಂಕುಡೊಂಕು, ಆದರೆ ಗಟ್ಟಿ. ಹೆಂಡತಿ ಬಗ್ಗಿ ಮೂಲೆಯಿಂದ ಮೂಲೆಗೆ ಕಣ್ಣಾಡಿಸಿದಳು, ಒಂದು ಕಡೆ ನಿಂತಳು.

"ರೀ, ಒಳಗೆ ಕೂದಲು ಸಿಕ್ಕಿದೆ."

"ನಿಂದೇ ಇರಬೇಕು. ನನಗೆಲ್ಲಿದೆ ಕೂದಲು?"

"ಬೆಳ್ಳಗಿದೆ," ಅಂದಳು. "ಜೋಪಾನವಾಗಿರ್ಲಿ ಬಿಡಿ. ಉಳಿದಿರೋದೇ ಅಷ್ಟು."